ಎಂಬತ್ತು ದಿನ

ಗಂಗೋತ್ರಿಯ ಹಿಂಬದಿ, ಪ್ರಾಣಿಮನೆ. ಫ್ಯಾನಿನ ಗೊರಗೊರ.
ಇಪ್ಪತ್ತೇಳನೆಯ ಇಲಿ, ಬಾಲಕ್ಕೆ ಹಸಿರು ಗೀಟು.
ಕೊಳಕುಮಂಡಲದ ವಿಷದೊಳಗಿಂದ ಹೆಕ್ಕಿದ ಒಂದೇ ಎಳೆ,
ಅದಕ್ಕೆ ಪೋಣಿಸಿದ ಅಯೋಡಿನ್ನು.
ಸೂಜಿ ಹೊಕ್ಕಿದ್ದು ಒಂಬತ್ತೂ ಹತ್ತಕ್ಕೆ.

ಹಿಡಿದುಕೊಂಡವರು ಜವರಯ್ಯ.
ಇಲ್ಲಿಗೆ ಬಂದ ಹೊಸತರಲ್ಲಿ ಹೆಸರು ಕೇಳಿ ನಕ್ಕಿದ್ದೆ,
ಇಲಿಗಳ ಪಾಲಿಗೆ ಸರಿಯಾದ ಹೆಸರೇ ಎಂದು.
ಅವರೂ ನಕ್ಕಿದ್ದರು. "ನಮ್ಮವ್ವ ನಾಕು ಕೂಸು ಕಳ್ಕಂಡು
ಐದ್ನೇದ್ಕೆ ಅವುನ್ ಹೆಸ್ರೇ ಇಟ್ಲು ಕಣವ್ವಾ,
ತನ್ ಹೆಸ್ರಿನೋನ್ನ ತಾನೇ ಒಯ್ದಾನಾ ಅಂತ."

ಈಗ ಕತ್ತಲೆ ಕೋಣೆ. ಪರದೆಯ ಮೇಲೆ ಇಲಿಯಿಲ್ಲ,
ಇಲಿಯೊಳಗೆ ಮದ್ದು ನಡೆದ ದಾರಿಯಷ್ಟೇ ಇದೆ.
ಪಿತ್ತಕೋಶ ಕೆಂಡ. ಮೂತ್ರಪಿಂಡ ಎರಡು ಅವರೆಕಾಳು.
ತೊಡೆಯ ಗಡ್ಡೆಯಲ್ಲಿ (ಬಾಗಿ ನೋಡಬೇಕು)
ಮಸಿಗಟ್ಟಿದ ಲಾಂದ್ರದ ಬೆಳಕು. ನೂರಕ್ಕೆ ಮೂರು.

"ಗಂಟ್ಲಲ್ಲಿ ಏನವ್ವಾ ಅಷ್ಟೊಂದು?
ನಂಜುಂಡಪ್ಪನ್ ತರ?"
ಅದು ಸೋಲು ಜವರಯ್ಯ, ಅಂದೆ.
ಪೋಣಿಸಿದ್ದು ಬಿಚ್ಚಿಕೊಂಡಿದೆ.
ಅಯೋಡಿನ್ನು ಒಂಟಿಯಾಗಿ ಹೋಗಿ ಅಲ್ಲಿ ಕೂತಿದೆ.
ಕಾಣುತ್ತಿರುವುದು ಮದ್ದಲ್ಲ,
ಮದ್ದಿನಿಂದ ಉದುರಿದ ವಿಳಾಸದ ಚೀಟಿ.

ಸುಮ್ಮನಿದ್ದರು. ಆಮೇಲೆ,
"ನಮ್ಮನೆಯೋಳ್ಗೆ ದೊಡ್ಡಾಸ್ಪತ್ರೇಲಿ ಆರು ಸಲ ಹಾಕುದ್ರು.
ಕೆಂಪ್ನೆ ನೀರು. ಕೂದ್ಲಿಗೋಯ್ತು, ಉಗುರ್ಗೋಯ್ತು,
ನಾಲ್ಗೇಗೋಗಿ ಉಪ್ಸಾರಿನ್ ರುಚೀನೂ ಕಿತ್ಕಂತು.
ಗಡ್ಡೇಗೋಯ್ತಾ ಇಲ್ವಾ, ಯಾರೂ ನೋಡ್ನಿಲ್ಲ.
ಈ ಇಲೀಗಾದ್ರೆ ಒಂದೊಂದ್ ತೊಟ್ಟಿಗೂ ಲೆಕ್ಕ ಐತೆ."

ನಾನು ಅಂಕಿಗಳನ್ನು ಬರೆದುಕೊಳ್ಳುತ್ತ ಹೋದೆ.
ರಕ್ತ, ಗುಲ್ಮ, ಪುಪ್ಪುಸ, ಬಾಲ.
ಅವರ ಹೆಸರೇನು, ಎಂದು ಕೇಳಿದ್ದು ಅಂಕಣ ಮುಗಿದ ಮೇಲೆ.
"ಸಣ್ಣತಾಯಮ್ಮ."

ಸಂಜೆ ಇಲಿಯ ಕೆಲಸ ಮುಗಿಯಿತು.
ಚೀಲ, ಸೀಸದ ಡಬ್ಬಿ, ಡೀಪ್ ಫ್ರೀಜರು.
ಅರ್ಧಾಯುಷ್ಯ ಎಂಟು ದಿನ, ವಿವರಿಸಿದೆ,
ಹತ್ತು ಸಲ ಅರ್ಧವಾಗಬೇಕು, ಆಮೇಲೆ ಸುಡಬಹುದು.
"ಅರ್ಧಾಯಸ್ಸು," ಎಂದರು,
ಆ ಮಾತಿನ ಪರಿಚಯ ಮೊದಲೇ ಇದ್ದವರ ಹಾಗೆ.
"ನಾವು ಹನ್ನೊಂದಕ್ಕೇ ತಿಥಿ ಮುಗುಸ್ಬುಟ್ಟೊ."

ಬಾಗಿಲ ಹಿಂದೆ ಅಕ್ಕಿ ಗಿರಣಿಯ ಕ್ಯಾಲೆಂಡರು.
ಬೆರಳು ಮಡಿಸಿ ಎಣಿಸಿ, ಹಾಳೆ ಎತ್ತಿ, ಮತ್ತೆ ಎತ್ತಿ,
ಒಂದು ಚೌಕದಲ್ಲಿ ಬರೆದರು: ೨೭.
ಅವತ್ತು ಭಾನುವಾರ, ರಜ, ಅಂದೆ.
"ಬತ್ತೀನಿ," ಅಂದರು.