ಹಾಜರಿ ಪುಸ್ತಕ

ಮಂಗಳೂರಲ್ಲಿ ಎಂಥ ಚಳಿ ಮಾರಾಯ್ರೆ,
ಡಿಸೆಂಬರದಲ್ಲೂ ಫ್ಯಾನು ಬೇಕು ನಮಗೆ,
ಅಂದರು ಖಜಾಂಚಿ ಸೋನ್ಸ್ ಮಾಸ್ಟ್ರು ಕಮಿಟಿಯಲ್ಲಿ.
ಎಲ್ಲರೂ ನಕ್ಕರು. ನಾನೂ ನಕ್ಕೆ.
ನಮ್ಮ ನಮ್ಮ ಮಂಚ ನಮ್ಮ ನಮ್ಮ ಮನೆಯಲ್ಲಿತ್ತು.

ನಾಲ್ಕು ಗಂಟೆಯ ಮೂಡುಗಾಳಿ ಘಟ್ಟ ಇಳಿದು ಬಂದು
ಬಸ್‌ಸ್ಟ್ಯಾಂಡಿನ ಸಿಮೆಂಟು ಬೆಂಚಿನ ಮೇಲೆ
ಬೆನ್ನಿಗೆ ಕೈ ಹಾಕುವುದು ತಿಳಿಯಬೇಕಾದರೆ
ಅಲ್ಲಿ ಮಲಗಬೇಕು.
ಕೈ ಹಾಕುವುದು ಗಾಳಿ ಮಾತ್ರ ಅಲ್ಲ.
ಅದನ್ನು ನಾನು ಕಮಿಟಿಯಲ್ಲಿ ಹೇಳಲಿಲ್ಲ.
ಅಯ್ಯನವರು ನನ್ನ ಮುಖ ನೋಡಿ
ಸಂಡೇಸ್ಕೂಲ್ ಕೋಣೆಯ ಕೀಲಿಕೈ ಮೇಜಿನ ಮೇಲೆ ದೂಡಿದರು.
ಫೆಬ್ರವರಿ ಮುಗಿಯುವವರೆಗೆ ಮಾತ್ರ.
ರಾತ್ರಿ ಎಂಟಕ್ಕೆ ಒಳಗೆ, ಬೆಳಿಗ್ಗೆ ಆರಕ್ಕೆ ಹೊರಗೆ.
ಪುಸ್ತಕ ಇಡಬೇಕು: ಹೆಸರು, ಊರು, ಸಹಿ.

ಬಂದದ್ದು ಹನ್ನೊಂದು ಚಾಪೆ,
ಮೂಲೆಯಲ್ಲಿ ನಂಬರಿದ್ದ ಆಸ್ಪತ್ರೆಯ ನಾಲ್ಕು ಕಂಬಳಿ,
ಹೊದೆಯಲಿಕ್ಕೆ ಆಗ್ತದೆ ಅಂತ ಯಾರೋ ಕೊಟ್ಟ ಕಿಟಕಿ ಪರದೆ.
ಮಕ್ಕಳ ಕುಳ್ಳ ಬೆಂಚುಗಳನ್ನು ಪೇರಿಸಿಟ್ಟು
ಪ್ರಜ್ವಲಾ ನೆಲ ಒರೆಸಿದಳು.
ಕರಿಹಲಗೆಯಲ್ಲಿ ನೋಹನ ನಾವೆ, ಸೀಮೆಸುಣ್ಣದ ಜಿರಾಫೆ,
ಕೆಳಗೆ ‘ಅಳಿಸಬೇಡಿ’.
ಅಳಿಸಲಿಲ್ಲ.

ಧಕ್ಕೆಯಲ್ಲಿ ಮೀನು ಆಯುವ ಹುಲಿಗೆವ್ವ ಬಂದಳು.
ಕಡಲು ಯಾವ ಕಡೆ ಎಂದು ಕೇಳಿ
ಚಾಪೆ ತಿರುಗಿಸಿಕೊಂಡ ಐಸಮ್ಮ.
ಮತ್ತೆ ಇವಳು.
ಮೊದಲ ರಾತ್ರಿ ಗುಲಾಬಿ, ಕುಂದಾಪುರ.
ಮರುದಿನ ಅಪ್ಪಿ, ಕಾಸರಗೋಡು.
ಮೂರನೆಯ ದಿನ ಸಿಸಿಲಿಯಾ, ಬಂಟ್ವಾಳದ ಹತ್ತಿರ ಎಲ್ಲೋ.
ಹೆಬ್ಬೆಟ್ಟು ಮಾತ್ರ ಒಂದೇ:
ಬೀಡಿ ಎಲೆ ಕತ್ತರಿಸುವಾಗಿನ ಹಳೆಯ ಗಾಯ
ಗೆರೆಗಳನ್ನೆಲ್ಲ ಅಡ್ಡ ಸೀಳಿತ್ತು.
ಸುಳ್ಳು ಹೇಳ್ತಾಳೆ ಆಂಟಿ, ಅಂದಳು ಪ್ರಜ್ವಲಾ.
ಬರಿ ಮಗಾ, ಅಂದೆ. ಗಂಜಿ ಆರ್ತಾ ಉಂಟು.

ಜನವರಿಯ ಒಂದು ರಾತ್ರಿ ಹನ್ನೆರಡನೆಯವಳು ಬಂದಳು.
ಚಾಪೆ ಇಲ್ಲ, ನಿಯಮ ಹನ್ನೊಂದು, ಅಂದೆ.
ಹೌದಾ, ಅಂದು ಇಳಿದು ಹೋದಳು ಮೆಟ್ಟಿಲು.
ಆ ನೆಲದಲ್ಲಿ ಇಪ್ಪತ್ತು ಜನ ಮಲಗಬಹುದಿತ್ತು.
ಇದಕ್ಕೆ ಪುಸ್ತಕದಲ್ಲಿ ಕಾಲಂ ಇರಲಿಲ್ಲ.

ಆಮೇಲೆ ಗೇಟಿಗೆ ಒಬ್ಬ ಗಂಡಸು ಬಂದ,
ಇಸ್ತ್ರಿ ಮಾಡಿದ ಅಂಗಿ, ಮೊಬೈಲಿನಲ್ಲಿ ಫೋಟೋ.
ನನ್ನ ಹೆಂಡತಿ, ಇಂದಿರಾ ಅಂತ, ಇಲ್ಲಿದ್ದಾಳಂತೆ.
ಕನ್ನಡಕ ಇಲ್ಲದೆ ಫೋಟೋ ಕಾಣುವುದಿಲ್ಲ ನನಗೆ, ಅಂದೆ.
ಕನ್ನಡಕ ತಲೆಯ ಮೇಲೆಯೇ ಇತ್ತು.
ಪುಸ್ತಕ ತಂದು ಕೊಟ್ಟೆ, ನೀವೇ ನೋಡಿ.
ಬೆರಳಿಟ್ಟು ಓದಿದ, ಎರಡು ಸಲ.
ಗುಲಾಬಿ, ಅಪ್ಪಿ, ಸಿಸಿಲಿಯಾ, ವಾರಿಜಾ, ಬೆನೆಡಿಕ್ಟಾ…
ಗಾಯದ ಗುರುತಿನ ಮೇಲೆಯೇ ಹಾದುಹೋಯಿತು ಅವನ ಬೆರಳು.
ಇಂದಿರಾ ಎಲ್ಲೂ ಇರಲಿಲ್ಲ.
ದೇವರ ಮನೆಯಲ್ಲಿ ಸುಳ್ಳು ಬರೆಯುವುದಿಲ್ಲ ಅಲ್ವಾ, ಅಂದ.
ನಾನು ಗೇಟು ಹಾಕಿದೆ.

ಒಳಗೆ ಅವಳು ಬೆಂಚುಗಳ ರಾಶಿಯ ಹಿಂದೆ
ಮೊಣಕಾಲು ತಬ್ಬಿ ಕೂತಿದ್ದಳು.
ಬಹಳ ಹೊತ್ತಿನ ಮೇಲೆ ಅಂದಳು:
ಹೆಸರು ಮುಗಿಯಿತು ಬಾಯಿ,
ನಾಳೆಗೆ ನಿಮ್ಮದೊಂದು ಕೊಡಿ.
ಹೆಲೆನ್, ಅಂದೆ.
ಎಲೆನ್, ಅಂದಳು. ಇನ್ನೊಮ್ಮೆ ಅಂದು ನೋಡಿದಳು,
ಬೇರೆಯವರ ಚಪ್ಪಲಿ ಮೆಟ್ಟಿ ನಾಲ್ಕು ಹೆಜ್ಜೆ ಇಡುವ ಹಾಗೆ.
ಮರುದಿನ ಹೆಬ್ಬೆಟ್ಟು ಒತ್ತಿದಳು.
ಅದರ ಮರುದಿನ ಬರಲಿಲ್ಲ.

ಮಾರ್ಚಿನಲ್ಲಿ ಲೆಕ್ಕ.
ಅರವತ್ತಮೂರು ಸ್ತ್ರೀಯರು! ಚಪ್ಪಾಳೆ ತಟ್ಟಿತು ಕಮಿಟಿ.
ನನ್ನ ಎಣಿಕೆಯಲ್ಲಿ ಹತ್ತೊಂಬತ್ತು.
ಸೋನ್ಸ್ ಮಾಸ್ಟ್ರು ಮಾತ್ರ ಪುಟ ಮಗುಚುತ್ತಾ ಮಗುಚುತ್ತಾ ನಿಂತರು,
ಹಿಂದೆ ಹೋದರು, ಮುಂದೆ ಬಂದರು,
ಶಾಯಿಯ ಗುರುತಿನ ಮೇಲೆ ತಮ್ಮ ಹೆಬ್ಬೆರಳು ಇಟ್ಟರು.
ಇದು ನಿಮ್ಮ ಹೆಸರು, ಅಂದರು.
ಹೌದು, ಅಂದೆ.
ಇಲ್ಲಿ ಮಲಗಿದ್ರಾ ನೀವು?
ಹೆಸರು ಮಲಗಿತ್ತು.
ಫ್ಯಾನು ತಿರುಗುತ್ತಿತ್ತು ತಲೆಯ ಮೇಲೆ.
ಪುಸ್ತಕ ಮುಚ್ಚಿದರು.
ಚಳಿ ಇತ್ತಾ, ಅಂತ ಮೆಲ್ಲ ಕೇಳಿದರು.