ತಿದ್ದುಪಡಿ

ಬೆನ್ವಿಂದಾ ಅಂದರೆ ಅವಳ ನುಡಿಯಲ್ಲಿ ‘ಬಂದದ್ದು ಒಳ್ಳೆಯದಾಯ್ತು.’
ಬಾಸ್ಟನ್ನಿನ ಕೌಂಟರಿನ ಹಿಂದೆ ಕೂತವನು ಅದನ್ನು
ಲಿಂಡಾ ಮಾಡಿದ, ಸೀಲು ಒತ್ತಿದ, ಮುಂದಿನವರು ಅಂದ.
ಹೆಸರು ವಾಪಸು ಪಡೆಯಲು ಹನ್ನೊಂದು ವರ್ಷ, ಮೂರು ಅರ್ಜಿ.
ನಾನು ಪತ್ರಿಕೋದ್ಯಮ ಓದಿದ್ದು ಅದೇ ಕೌಂಟರಿನಲ್ಲಿ, ಎನ್ನುತ್ತಿದ್ದಳು
ಯಾವ ಕಾಲೇಜು ಎಂದು ಯಾರಾದರೂ ಕೇಳಿದರೆ.

ನ್ಯೂ ಬೆಡ್‌ಫರ್ಡಿನ ಹಡಗುಕಟ್ಟೆಯ ಹಿಂದೆ,
ಕೆಳಗೆ ಬಲೆ ಹೊಲಿಯುವವರು, ಮಹಡಿಯಲ್ಲಿ ‘ಫರೋಲ್’ ವಾರಪತ್ರಿಕೆ:
ಒಂದು ಟೈಪ್‌ರೈಟರು, ಅಂಟಿನ ಡಬ್ಬಿ, ಕೆಮ್ಮುವ ಹೀಟರು,
ನಮಗಿಂತ ಮೊದಲು ಮೆಟ್ಟಿಲೇರಿ ಬಂದಿರುತ್ತಿದ್ದ ಮೀನಿನ ವಾಸನೆ.
ಮೊದಲೆರಡು ವರ್ಷ ಅವಳದು ಉಬ್ಬರವಿಳಿತದ ವೇಳೆ, ಕಾಡ್ ಮೀನಿನ ದರ,
ಮತ್ತೆ ಸತ್ತವರ ಸುದ್ದಿ.
ದ್ವೀಪಗಳಿಂದ ಬಂದ ಹೆಸರುಗಳು; ಕಾಲಿಗೆ ಬಾಲವಿದ್ದ ಅಕ್ಷರ,
ತಲೆಯ ಮೇಲೆ ಅಲೆಯಿದ್ದ ಅಕ್ಷರ
ಆ ಇಂಗ್ಲಿಷ್ ಯಂತ್ರಕ್ಕೆ ಗೊತ್ತಿರಲಿಲ್ಲ.
ಅಚ್ಚಾಗಿ ಬಂದ ಮೇಲೆ ಪೆನ್ನು ಹಿಡಿದು ಕೂರುವಳು, ಎಂಟುನೂರು ಪ್ರತಿ,
ಒಂದೊಂದಕ್ಕೂ ಬಾಲ, ಒಂದೊಂದಕ್ಕೂ ಅಲೆ.
ಕರಡು ತಿದ್ದುವ ಹುಡುಗ ನಾನು, ನಕ್ಕುಬಿಟ್ಟೆ.
“ಬದುಕಿದ್ದಾಗ ಯಾರೂ ಇಡಿಯಾಗಿ ಕರೆದಿಲ್ಲವೋ,” ಅಂದಳು, “ಇವತ್ತಾದರೂ.”

ಆಮೇಲಿನದನ್ನು ಲೈಬ್ರರಿಯ ಫಲಕದಲ್ಲಿ ಕೆತ್ತಿದ್ದಾರೆ:
ಬಾಡಿಗೆ ಮನೆಗಳ ಗೋಡೆಯ ಸೀಸ, ಅದನ್ನು ನೆಕ್ಕಿದ ಮಕ್ಕಳು,
ಕ್ರಿಯೋಲು ಆಡಿದ್ದಕ್ಕೆ ತರಗತಿಯ ಹೊರಗೆ ನಿಂತವರು,
ಮೇಯರನ ಕಚೇರಿ ಮುಂದೆ ಹದಿನೇಳು ದಿನ.
ಫಲಕದಲ್ಲಿ ಕೋಟಿನ ಮಾತಿಲ್ಲ.

ಕಂದು ಉಣ್ಣೆಯ ಕೋಟು. ಬಂದ ವರ್ಷದ ಹಿಮಕ್ಕೆ
ದ್ಜೋಸಾ ಮಾವ ಕೊಟ್ಟದ್ದು, ಮೀನು ಕಾರ್ಖಾನೆಯ ಮೇಸ್ತ್ರಿ.
ಅವನ ಮನೆಯ ಕಚುಪ ಉಂಡುಕೊಂಡೇ ಅವಳು ಇಂಗ್ಲಿಷ್ ಕಲಿತದ್ದು.
ಇಪ್ಪತ್ತು ವರ್ಷ ಕಳೆದು ಗ್ವಾಟೆಮಾಲದ ಬೆಟ್ಟಗಳಿಂದ
ಕಿಚೆ ಜನ ಬಂದರು, ಕಾಗದಪತ್ರ ಇಲ್ಲದವರು,
ನಮ್ಮವರು ಬಿಟ್ಟೆದ್ದ ಮೇಜಿನ ಮುಂದೆ ಚಾಕು ಹಿಡಿದು ನಿಂತರು.
ವಾರಕ್ಕೆ ಐದು ತಾಸು ಅವರ ಕಾರ್ಡಿನಿಂದ ಮಾಯ.
ಯಾರ ಕೈಚಳಕ ಎಂದು ಎಲ್ಲರಿಗೂ ಗೊತ್ತು.
“ನಮ್ಮೋರು ತಲೆ ಎತ್ತಿದ್ದೇ ಈಗ,” ಅಂದರು ಚರ್ಚಿನ ಹೆಂಗಸರು,
“ಉಪ್ಪುಂಡ ಮನೆ, ಬೆನ್ವಿಂದಾ.”
ಹೂಂ, ಅಂದಳು.

ರಾತ್ರಿ ಕಾರ್ಡುಗಳನ್ನು ನೆಲದ ಮೇಲೆ ಹರಡಿ ಕೂಡಿಸಿದಳು, ಕಳೆದಳು.
ಹೀಟರು ಪೂರ್ತಿ ಸತ್ತಿತ್ತು. ಅದೇ ಕೋಟು ತೊಟ್ಟು ಬರೆದಳು.
ಜೋಸೆ ದ ಕೊನ್ಸೆಯ್ಸಾಂವ್, ಮಾವನ ಹೆಸರು ಇಡಿಯಾಗಿ.
ಆ ವಾರ ಮೂರು ಸಾವಿರ ಪ್ರತಿ. ನಾನೂ ಪೆನ್ನು ಹಿಡಿದೆ,
ಬೆಳಗಿನ ಜಾವದವರೆಗೆ ಬಾಲ, ಅಲೆ, ಬಾಲ, ಅಲೆ.

ಸಂಬಳ ಬಂತು, ಅರ್ಧ. ಮಾವನ ಕೆಲಸ ಹೋಯಿತು, ಪೂರ್ತಿ.
ಒಂಬತ್ತು ವರ್ಷ ಯಾವ ಮಗುವಿನ ನಾಮಕರಣಕ್ಕೂ ಅವಳಿಗೆ ಕರೆಯಿಲ್ಲ.
ಕೋಟು ಒಗೆಸಿ, ಮಡಿಸಿ, ಅವನ ಹೊಸ್ತಿಲಲ್ಲಿ ಇಟ್ಟುಬಂದಳು.
ಮಾರನೆಯ ಬೆಳಿಗ್ಗೆ ಅದು ಪತ್ರಿಕೆಯ ಮೆಟ್ಟಿಲ ಮೇಲಿತ್ತು.
ಸಿಟ್ಟಿಗೋ, ಹೊರಗಿನ ಚಳಿ ನೋಡಿಯೋ,
ಕೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಈಗ ಎಪ್ಪತ್ತೆಂಟು. ಪರ್ಸಿನಲ್ಲಿ ಬೇರೆಯವರು ಮೊಮ್ಮಕ್ಕಳನ್ನು ಇಡುವ ಜಾಗದಲ್ಲಿ
ಎರಡಂಗುಲದ ಕಾಗದದ ಚೂರು, ಅರಿಶಿನಕ್ಕೆ ತಿರುಗಿದ್ದು:
‘ಐಸ್ ಕೋಣೆಯಲ್ಲಿ ತೀರಿಕೊಂಡ ಕಾರ್ಮಿಕರ ಹೆಸರು ಕಳೆದ ವಾರ
ಪಾಸ್ಕುವಾಲ್ ಸೊಕ್ ಎಂದು ಅಚ್ಚಾಗಿದೆ.
ತ್ಸೊಕ್ ಎಂದು ಓದಿಕೊಳ್ಳಬೇಕು. ವಿಷಾದಿಸುತ್ತೇವೆ.’

ಅವನ ತಂಗಿ ಮೆಟ್ಟಿಲೇರಿ ಬಂದಿದ್ದಳು, ರಬ್ಬರ್ ಬೂಟಿನಲ್ಲೇ,
ನೆಲವೆಲ್ಲ ಹೊಳೆಯುವ ಪೊರೆ.
ನಾಲಿಗೆಯನ್ನು ಹಲ್ಲಿಗೆ ತಾಗಿಸಿ ತೋರಿಸಿದಳು: ತ್ಸ.
ಬೆನ್ವಿಂದಾ ಅಂದು ನೋಡಿದಳು. ಅಲ್ಲ. ಮತ್ತೆ ಅಂದಳು. ಅಲ್ಲ.
ಫೋನು ಬಡಿದುಕೊಳ್ಳುತ್ತಿತ್ತು, ಬಾಸ್ಟನ್ನಿನ ದೊಡ್ಡ ಪೇಪರಿನವರು.
ಯಾರೂ ಎತ್ತಲಿಲ್ಲ. ತ್ಸ. ಅಲ್ಲ. ತ್ಸ.

ಆ ಪುಟದ ಕರಡು ನೋಡಿದವನು ನಾನು.
ಅದೊಂದನ್ನು ಅವಳು ಎಲ್ಲೂ ಬರೆಯಲಿಲ್ಲ.