ನಿಂತ ಕಲ್ಲು

ಓಡುವವರ ನಡುವಿನ ಅಂತರ ಅಳೆಯಲು
ನಿಂತದ್ದೊಂದು ಬೇಕು.
ಇವತ್ತು ಸಿಕ್ಕಿದ್ದು ಬ್ರಿಟನಿಯ ದಾರಿಬದಿಯ ಕಲ್ಲುಶಿಲುಬೆ.

ಒಂಟಿ ಸವಾರ ದಾಟಿದ. ಸೋಝಿಗ್ ಗಡಿಯಾರ ಒತ್ತಿದಳು,
ಗೋಲ್ವೆನ್‌ನ ಬೈಕಿನ ಹಿಂದೆ, ತೊಡೆಯ ಮೇಲೆ ಹಲಗೆ.
ಗುಂಪು ಬಂತು, ಜೇನುಗೂಡು ಕೆದಕಿದ ಸದ್ದು.
ಒಂದು ನಿಮಿಷ ಹತ್ತು ಸೆಕೆಂಡ್.
ಸೀಮೆಸುಣ್ಣದಲ್ಲಿ ಬರೆದು, ಗುಂಪನ್ನು ಹಿಂದಿಕ್ಕಿ,
ಅವನಿಗೆ ತೋರಿಸುವಷ್ಟರಲ್ಲಿ
ಅದು ಹಳೇ ಸುದ್ದಿ. ಅವನೂ ಬಲ್ಲ.
ಆದರೂ ಸಾಲದ ಚೀಟಿಯಂತೆ ಓದಿ
ತಲೆ ಬಗ್ಗಿಸಿ ತುಳಿದ.

ಶಿಲುಬೆಯ ಬುಡದಲ್ಲಿ, ಮಡಚುಕುರ್ಚಿಯಲ್ಲಿ ಅನಾಯಿಗ್ ಅಜ್ಜಿ
ಉಣ್ಣೆ ಹೆಣೆಯುತ್ತ ತನ್ನದೇ ಲೆಕ್ಕ ಇಟ್ಟಿದ್ದಳು:
ಅರವತ್ತೆರಡು ಕುಣಿಕೆ.

ಎಲ್ಲ ಹೋದ ಮೇಲೆ, ಜನ ಬುಟ್ಟಿ ಎತ್ತಿಕೊಂಡ ಮೇಲೆ
ಇನ್ನೊಬ್ಬ ಬಂದ, ಮೊಣಕೈ ತರಚಿ.
ಅವನನ್ನು ಯಾರೂ ಅಳೆದಿರಲಿಲ್ಲ.
‘ಎಷ್ಟು?’ ಅಂದ.
ಅಜ್ಜಿ ಅರೆಹೆಣೆದ ತೋಳನ್ನು ಎತ್ತಿ ಹಿಡಿದಳು,
ನಾಲ್ಕು ಬೆರಳಗಲ ನೀಲಿ.